ಗ್ಯಾರೇಜಿನ ಬಾಗಿಲಿಗೆ ರಬ್ಬರ್ ಪಟ್ಟಿ

ಪಂಕ್ಚರ್ ಅಂಗಡಿಯ ಮುಂದೆ ಹಳೆಯ ಟ್ಯೂಬಿನ ವಾಸನೆ ಬಂದರೆ ಇಂದಿಗೂ ನನ್ನ ಹೆಜ್ಜೆ ನಿಧಾನವಾಗುತ್ತದೆ.

ಆಗ ಅಪ್ಪ ಭಾಂಡುಪಿನ ಒಂದು ಬಂಗಲೆಯಲ್ಲಿ ವಾಚ್‌ಮನ್ ಆಗಿದ್ದ. ಸಾಹೇಬರಿಗೆ ಕಾರಿರಲಿಲ್ಲ, ಅವರ ಖಾಲಿ ಗ್ಯಾರೇಜೇ ನಮ್ಮ ಮನೆ. ಡಿಸೆಂಬರ್ ಬಂತೆಂದರೆ ಅದರ ಮರದ ಬಾಗಿಲಿನ ಅಡಿಯಿಂದ ತಣ್ಣನೆಯ ಗಾಳಿ ನುಗ್ಗಿ ನೇರ ನಮ್ಮ ಹಾಸಿಗೆಗೇ ಬರುತ್ತಿತ್ತು.

"ಕೂಸಿನ ಕೆಮ್ಮು ಕಡಿಮಿ ಆಗವಲ್ತು ನೋಡ್ರಿ," ಎಂದಳು ಅವ್ವ, ನನ್ನ ಪುಟ್ಟ ತಮ್ಮನನ್ನು ಎದೆಗೊತ್ತಿಕೊಂಡು.

ಆ ಭಾನುವಾರ ಮಧ್ಯಾಹ್ನ ಅಪ್ಪ ಸೈಕಲ್ಲಿನ ಹಳೇ ಟ್ಯೂಬುಗಳನ್ನು ತಂದು ಉದ್ದುದ್ದ ಸೀಳಿದ. ಮೊಳೆಯ ತಲೆಗೆ ಸಿಕ್ಕಿ ರಬ್ಬರು ಹರಿಯಬಾರದೆಂದು ಸೋಡಾ ಬಾಟಲಿಯ ಮುಚ್ಚಳಗಳನ್ನು ಕಲ್ಲಿನಿಂದ ಜಜ್ಜಿ ಬಿಲ್ಲೆ ಮಾಡಿಕೊಡುವುದು ನನ್ನ ಪಾಲಿನ ಕೆಲಸ. ಪಟ್ಟಿ ನೆಲಕ್ಕೆ ತಾಗುವಂತೆ ಹಿಡಿದು ಅಪ್ಪ ಒಂದೊಂದೇ ಮೊಳೆ ಹೊಡೆಯುತ್ತ ಹೋದ. ಅವ್ವ ಒಳಗಿನಿಂದ ಅಂಗೈ ಒಡ್ಡಿ ನೋಡಿ, "ಒಂಚೂರೂ ಗಾಳಿ ಇಲ್ರಿ!" ಎಂದು ನಕ್ಕಳು.

ಅಷ್ಟರಲ್ಲಿ ಸಾಹೇಬರು ಬಂದರು. ಪಟ್ಟಿಯನ್ನು ಬೂಟಿನ ತುದಿಯಿಂದ ಒತ್ತಿ ನೋಡಿದರು.

"ವಾಹ್, ಏಕ್‌ದಮ್ ಪಕ್ಕಾ!" ಎಂದು ಹಿಂದಿಯಲ್ಲಿ ಹೊಗಳಿ, ಮುಂದಿನ ತಿಂಗಳು ತಮ್ಮ ಹೊಸ ಕಾರು ಬರುತ್ತದೆಂದೂ ಇನ್ನು ಅದಕ್ಕೆ ಧೂಳಿನ ಭಯವಿಲ್ಲವೆಂದೂ ಹೇಳಿ ಬಂಗಲೆಯತ್ತ ನಡೆದರು.

"ಜೀ ಸಾಬ್," ಎಂದ ಅಪ್ಪ. ಬಾಗಿಲಿನ ಒಳಗೆ ಕೂಸು ಒಮ್ಮೆ ಕೆಮ್ಮಿತು.

ಇನ್ನೂ ಮೂರು ಮೊಳೆ ಉಳಿದಿದ್ದವು. ಅಪ್ಪ ನನ್ನತ್ತ ಕೈಚಾಚಿ, "ಬಿಲ್ಲಿ ಕೊಡವಾ," ಎಂದ. ಆ ಮೂರನ್ನೂ ಸೊಟ್ಟಾಗದಂತೆ ಹೊಡೆದ.