ಹಳಿಯಾಳದ ಬಸ್ಸು

ಅಪ್ಪನಿಗೆ ಈಗ ಗುಳಿಗೆ ಕೊಡುವವಳು ನಾನೇ, ಅವನು ಕೈ ಚಾಚಿದಾಗಲೆಲ್ಲ ತೋರುಬೆರಳಿನ ಮೇಲೆ ಅಜ್ಜಿಯ ಹಲ್ಲಿನ ಗುರುತು ಕಾಣುತ್ತದೆ, ಗುಳಿಗೆ ಕೊಡುವ ಮೊದಲು ನಾನು "ಇವತ್ತ ಎಲ್ಲಿಗರ ಹೊಂಟಿಯೇನಪಾ?" ಎಂದು ಕೇಳುತ್ತೇನೆ.

ಅಜ್ಜಿಗೆ ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಎಲ್ಲವೂ ಇದ್ದವು. ಕಾಲುಗಳು ನೀರು ತುಂಬಿ ಊದುತ್ತಿದ್ದವು. ಅಪ್ಪನ ಬೆರಳಿಗೆ ಆ ಗುರುತು ಬಿದ್ದ ಮಧ್ಯಾಹ್ನ ಅವಳು ದಾಂಡೇಲಿಯಿಂದ ಹಳಿಯಾಳಕ್ಕೆ, ಹಾಸಿಗೆ ಹಿಡಿದಿದ್ದ ತಂಗಿಯನ್ನು ನೋಡಲು ಹೊರಟಿದ್ದಳು. ನೀರು ಇಳಿಸುವ ಗುಳಿಗೆಯನ್ನು ನುಂಗದೆ ಸೆರಗಿಗೆ ಗಂಟು ಹಾಕಿಕೊಂಡಿದ್ದನ್ನು ಅಪ್ಪ ಕಂಡ.

"ಸಾಯಾಕ ನಿಂತಿಯೇನ್ ಯವ್ವಾ? ನುಂಗು!" ಎಂದು ಅವಳ ದವಡೆ ಹಿಡಿದು, ತಲೆಯನ್ನು ಗೋಡೆಗೆ ಒತ್ತಿ, ಗುಳಿಗೆಯನ್ನು ಬಾಯಿಗೆ ತುರುಕಿದ. ಅಜ್ಜಿ ಬೆರಳನ್ನು ಕಚ್ಚಿ ಹಿಡಿದಳು. ಅಪ್ಪ ಚೀರಿ ಅವಳ ಕಪಾಳಕ್ಕೆ ಹೊಡೆದ. ತಂಬಿಗೆ ಉರುಳಿತು, ಗುಳಿಗೆ ಮೂಲೆಗೆ ಸಿಡಿಯಿತು, ಅವಳ ಗದ್ದದಿಂದ ಅಪ್ಪನ ರಕ್ತ ಇಳಿಯಿತು.

"ಅದನ್ನ ನುಂಗಿದ್ರ ಗಳಿಗಿಗೊಮ್ಮೆ ಏಳಬೇಕು. ನನ್ನ ಸಲುವಾಗಿ ಬಸ್ ನಿಂದರಸ್ತಾರೇನು? ಮಂದ್ಯಾಗ ಸೀರಿ ತೋಯಿಸ್ಕೊಂಡು ಕುಂದರ್ಲೇನು? ವಾಪಸ್ ಬಂದು ನುಂಗ್ತಿದ್ನೆಲೋ!" ಎಂದು ಅಜ್ಜಿ ಕೂಗಿದಳು.

"ಎಲ್ಲಿಗೂ ಹೋಗೂದ್ ಬ್ಯಾಡ." ಅಪ್ಪ ಅವಳ ಚೀಲವನ್ನು ಅಂಗಳಕ್ಕೆ ಎಸೆದು ಬಾಗಿಲಿಗೆ ಅಡ್ಡ ನಿಂತ. ಹೊರಗೆ ಹಳಿಯಾಳದ ಬಸ್ಸು ಹಾರ್ನ್ ಹೊಡೆದು ದಾಟಿಹೋಯಿತು. ಅದರ ಸದ್ದು ಅಡಗಿದ ಮೇಲೆ ಅಜ್ಜಿ ಮೊಣಕಾಲೂರಿ ಮೂಲೆಯಲ್ಲಿ ತಡಕಾಡಿ, ಗುಳಿಗೆಯನ್ನು ಸೆರಗಿನಲ್ಲಿ ಒರೆಸಿ, ನೀರಿಲ್ಲದೆ ನುಂಗಿದಳು.