ಹನ್ನೊಂದು ಗಂಟೆಯವರು

ಹೊರಗಿನ ಬೆಂಚಿನ ಮೇಲೆ ಅವರು ಗೊರಕೆ ಹೊಡೆಯುತ್ತಿದ್ದರು.

ಸುಮನಾ ಬಾಗಿಲಲ್ಲೇ ನಿಂತು ನೋಡಿದಳು. ನಿದ್ದೆಯೇ ಬರುವುದಿಲ್ಲವೆಂದು ಹದಿನಾಲ್ಕು ತಿಂಗಳಿನಿಂದ ಭದ್ರಾವತಿಯಲ್ಲಿ ಬಸ್ಸು ಹತ್ತಿ ತನ್ನ ಬಳಿ ಬರುತ್ತಿರುವ ಮನುಷ್ಯ, ಗಾಂಧಿ ಬಜಾರಿನ ಅಷ್ಟೂ ಹಾರನ್ನುಗಳ ನಡುವೆ ಬಾಯಿ ತೆರೆದುಕೊಂಡು ಮಲಗಿದ್ದಾರೆ. ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ಅವಳು ಕಂಡೂ ಕಾಣದಂತೆ ಇದ್ದುಬಿಟ್ಟಿದ್ದಳು. ಯಾಕೆಂದರೆ ಅವಳಿಗೆ ದುಡ್ಡು ಬೇಕಿತ್ತು.

ಸುತ್ತಿ ಬಳಸಿ ಹೇಳುವುದೇನಿದೆ? ಆಪ್ತಸಮಾಲೋಚಕಿಯೇನು ಗಾಳಿ ಕುಡಿದು ಬದುಕುತ್ತಾಳೆಯೇ? ಬಟ್ಟೆ ಅಂಗಡಿಯ ಮೇಲಿನ ಈ ಒಂದು ಕೋಣೆಗೆ ತಿಂಗಳಿಗೆ ಎಂಟು ಸಾವಿರ ಬಾಡಿಗೆ. ಬರುವವರಲ್ಲಿ ಅರ್ಧ ಜನ ‘ಮುಂದಿನ ಸಲ ಕೊಡ್ತೀನಿ ಮೇಡಂ’ ಎನ್ನುವವರು. ಮಾಚೇನಹಳ್ಳಿಯ ಕಾರ್ಖಾನೆಯಲ್ಲಿ ದುಡಿಯುವ ಮೋನಿಕಾ ಐವತ್ತು ರೂಪಾಯಿ ಇಟ್ಟು ಒಂದು ಗಂಟೆ ಅಳುತ್ತಾಳೆ. ಅವಳಿಗೆ ಅಳುವುದಕ್ಕೆ ಬೇರೆ ಜಾಗವಿಲ್ಲ. ಹೆಚ್ಚು ಕೇಳೋಣವೆಂದರೆ ಸುಮನಾಳಿಗೆ ನಾಲಿಗೆ ಏಳುವುದಿಲ್ಲ. ಕೈಬಳೆ ಅಡವಿಟ್ಟು ಆರು ತಿಂಗಳಾಗಿತ್ತು.

ಬಾಡಿಗೆ ವಸೂಲಿಗೆ ಬರುವವನು ಮಾಲೀಕರ ಮಗ ವಸಂತ್. ರಾಮಚಂದ್ರಪ್ಪ ಎಂಬ ಮಾಲೀಕರ ಹೆಸರನ್ನು ಅವಳು ದಲ್ಲಾಳಿ ತಂದುಕೊಟ್ಟ ಕರಾರಿನಲ್ಲಿ ಓದಿದ್ದಳು, ಮುಖ ನೋಡಿರಲಿಲ್ಲ. ಏಪ್ರಿಲಿನಲ್ಲಿ ನಾಲ್ಕು ಸಾವಿರವಿದ್ದದ್ದನ್ನು ಒಂದೇ ಏಟಿಗೆ ಎಂಟು ಮಾಡಿದಾಗ ವಸಂತ್ ಹೇಳಿದ್ದು ಇಷ್ಟೇ: “ನಮ್ಮಪ್ಪಂದು ಒಂದೇ ಮಾತು ಮೇಡಂ. ಒಂದು ತಿಂಗಳು ತಪ್ಪಿದ್ರೂ ಖಾಲಿ ಮಾಡ್ಸೋದೇ. ಮೊಬೈಲ್ ಅಂಗಡಿಯವರು ಕಾಯ್ತಾ ಇದಾರೆ.” ಕಂಡಿರದ ಆ ರಾಮಚಂದ್ರಪ್ಪನಿಗೆ ಸುಮನಾ ಮನಸಾರೆ ಹಿಡಿಶಾಪ ಹಾಕಿದ್ದಳು.

ಆ ತಿಂಗಳು ಅವಳನ್ನು ಬದುಕಿಸಿದವರು ಈ ಹನ್ನೊಂದು ಗಂಟೆಯವರು. ವಾರಕ್ಕೊಂದು ಸಲ ಸಾಲದು, ಎರಡು ಸಲ ಬರುತ್ತೇನೆ ಎಂದರು. ಬುಧವಾರ, ಶನಿವಾರ. ಸಲಕ್ಕೆ ಸಾವಿರ. ಸದ್ಯ ಬಾಡಿಗೆಗೊಂದು ದಾರಿಯಾಯಿತು, ದೇವರು ದೊಡ್ಡವನು ಎಂದುಕೊಂಡಳು.

ಅವರ ಹೆಸರು? ಅವಳು ಯಾರ ಹೆಸರನ್ನೂ ಕೇಳುವುದಿಲ್ಲ. ಶಿವಮೊಗ್ಗದಲ್ಲಿ ಹೆಸರು ಕೇಳಿದರೆ ಬಂದವರು ಬಂದ ಹಾಗೇ ಮೆಟ್ಟಿಲು ಇಳಿಯುತ್ತಾರೆ. ಎಲ್ಲರಿಗೂ ಎಲ್ಲರ ನೆಂಟರೂ ಗೊತ್ತು. ಪುಸ್ತಕದಲ್ಲಿ ಅವಳು ಬರೆಯುವುದು ಗಂಟೆಯನ್ನು ಮಾತ್ರ. ಹೆಂಡತಿ ತೀರಿಕೊಂಡ ಮೇಲೆ ಇವರ ನಿದ್ದೆ ಹೋಯಿತು. ವ್ಯವಹಾರವೆಲ್ಲ ಮಗ ಹಿಡಿದುಕೊಂಡ. ಮಗನಿಗೆ ಹೇಳಬೇಕಾದ ಮಾತೊಂದಿದೆ, ಅವನೆದುರು ಬಾಯಿ ಬರುವುದಿಲ್ಲ ಎನ್ನುತ್ತಾರೆ. ಯಾವ ಮಾತೆಂದು ಮಾತ್ರ ಹೇಳುವುದಿಲ್ಲ.

ಈ ತಿಂಗಳು ಅಮ್ಮನ ಔಷಧಿಗೆ ದುಡ್ಡು ಹೋಗಿ, ಬಾಡಿಗೆಗೆ ಐನೂರು ಕಡಿಮೆ ಬಿತ್ತು. ಸೋಮವಾರ ವಸಂತ್ ಬಂದು ಕೂತಿದ್ದ. ಡ್ರಾಯರಿನಲ್ಲಿ, ದೇವರ ಪಟದ ಮುಂದೆ, ಬೋಣಿಯ ಐನೂರರ ನೋಟಿತ್ತು. ತಿಂಗಳ ಮೊದಲ ಫೀಗೆ ಕುಂಕುಮದ ಬೆರಳೊತ್ತಿ, ತಿಂಗಳು ತುಂಬುವವರೆಗೆ ಮುಟ್ಟದೆ ಇಡುವುದು ಬಳೆ ಅಂಗಡಿ ನಡೆಸಿದ ಅಮ್ಮನಿಂದ ಬಂದ ರೂಢಿ. ಅದನ್ನೂ ತೆಗೆದುಕೊಟ್ಟಳು.

“ಎಣಿಸ್ಕೊಳ್ಳಿ.”

“ಎಣಿಸೋರು ಅಪ್ಪ,” ಎಂದ ವಸಂತ್. “ದುಡ್ಡು ಹಂಗೇ ಅವರ ಕೈಗೆ ಕೊಡ್ಬೇಕು.”

ಅವನು ಹೋದ ಮೇಲೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ದೇವರ ಮುಂದಿನ ದುಡ್ಡನ್ನೂ ಬಿಡಲಿಲ್ಲ, ವಾಸಿಯಾದ ಮುದುಕರನ್ನೂ ಬಿಡುತ್ತಿಲ್ಲ. ಸಾಕು ಎನ್ನಿಸಿತು.

“ಒಳಗೆ ಬನ್ನಿ,” ಎಂದಳು ಈಗ.

ಅವರು ಗಡಬಡಿಸಿ ಎದ್ದರು. “ರಾತ್ರಿಯೆಲ್ಲ ರೆಪ್ಪೆ ಮುಚ್ಚಿಲ್ಲ ಮೇಡಂ.”

“ಯಜಮಾನ್ರೇ, ನೀವು ಈಗ ಗೊರಕೆ ಹೊಡೀತಿದ್ರಿ.”

ಅವರು ಕುರ್ಚಿಯಲ್ಲಿ ಕೂತು ತಲೆ ತಗ್ಗಿಸಿದರು.

“ನಿಮಗೆ ವಾಸಿಯಾಗಿ ಬಹಳ ದಿನ ಆಯ್ತು. ನನಗೆ ಗೊತ್ತಿತ್ತು, ಹೇಳ್ಲಿಲ್ಲ. ನಿಮ್ಮ ಫೀ ನಂಬ್ಕೊಂಡು ಸುಮ್ನಿದ್ದೆ. ತಪ್ಪಾಯ್ತು. ಇನ್ನು ಬರಬೇಡಿ.”

ಅವರ ಮುಖ ಬಿಳಿಚಿತು. “ಹಂಗನ್ಬೇಡಿ ಮೇಡಂ. ನಾನು ಬರೋದು ನಿಲ್ಸಿದ್ರೆ ಎಲ್ಲಾ ಕೈತಪ್ಪಿ ಹೋಗುತ್ತೆ.”

“ಏನೂ ಹೋಗಲ್ಲ. ಮಗನಿಗೆ ಹೇಳಬೇಕಾದ್ದನ್ನ ಹೇಳಿಬಿಡಿ. ನಿಮಗೆ ಉಳಿದಿರೋ ಕೆಲಸ ಅದೊಂದೇ.”

“ಅದು ಆಗ್ದೇ ಇರೋದಕ್ಕೇ ಅಲ್ವಾ ನಾನು ಇಲ್ಲಿಗೆ ಬರ್ತಿರೋದು.”

“ಆಗುತ್ತೆ. ಹೇಳಿ ನೋಡಿ,” ಎಂದಳು. ಮುಂದಿನ ತಿಂಗಳು ಈ ಕೋಣೆ ತನ್ನದಲ್ಲ. ಮೋನಿಕಾ ಬಂದು, ಬೀಗ ನೋಡಿ, ಹಿಂತಿರುಗುತ್ತಾಳೆ. ಅದೆಲ್ಲ ಗೊತ್ತಿದ್ದೇ ಹೇಳಿದಳು.

ಅವರು ಎದ್ದು ಕಿಟಕಿಯ ಬಳಿ ಹೋದರು. ಗೋಡೆಯ ತೇವದ ಕಲೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿದರು. ಮೊದಲ ದಿನದಿಂದಲೂ ಅವರಿಗೆ ಅದೊಂದು ಅಭ್ಯಾಸ.

“ಸರಿ,” ಎಂದರು ಕೊನೆಗೆ. “ಇವತ್ತೇ ಹೇಳ್ತೀನಿ. ನಾನಿನ್ನೂ ಬದುಕಿದೀನಿ ಅಂತ ಅವನಿಗೂ ಗೊತ್ತಾಗ್ಲಿ.”

ಫೀಯ ಲಕೋಟೆಯನ್ನು ಮೇಜಿನ ಮೇಲಿಟ್ಟರು. ಬೇಡವೆಂದರೂ ಕೇಳಲಿಲ್ಲ. ಹಗಲಲ್ಲೂ ಉರಿಯುತ್ತಿದ್ದ ಮೆಟ್ಟಿಲ ದೀಪವನ್ನು ಎಂದಿನಂತೆ ಆರಿಸಿ, ಇಳಿದು ಹೋದರು.

ಸುಮನಾ ಮೇಜಿಗೆ ತಲೆಯಿಟ್ಟು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಇದೇ ಕೊನೆಯ ಸಾವಿರವೆಂದು ಲಕೋಟೆ ಬಿಚ್ಚಿದಳು.

ಐನೂರರ ಎರಡು ನೋಟು. ಮೇಲಿನದರ ಬಿಳಿ ಜಾಗದಲ್ಲಿ, ಸೋಮವಾರ ಬಾಡಿಗೆಯ ಜೊತೆ ವಸಂತನ ಕೈಗೆ ಹೋಗಿದ್ದ, ಅವಳದೇ ಬೆರಳಿನ ಕುಂಕುಮದ ಗುರುತಿತ್ತು.