ಎಂಟು ಹತ್ತರ ಲೋಕಲ್

ನೂರು ವರ್ಷ ದಾಟಿದ ಕೆಂಚನಕೆರೆ ಸ್ಟೇಷನ್ನಿನ ಒಂದನೇ ಪ್ಲಾಟ್‌ಫಾರ್ಮಿಗೆ ಇವತ್ತಿನ ರೈಲುಗಳು ಬರುತ್ತವೆ, ಎರಡನೆಯದಕ್ಕೆ ಸರಿಯಾಗಿ ಮೂವತ್ತು ವರ್ಷದ ಹಿಂದಿನವು. ಹಳೇ ಸ್ಟೇಷನ್ನುಗಳೆಲ್ಲ ಹೀಗೇ. ಅಲ್ಲಿನವರನ್ನು ನೋಡಬಹುದು, ಅವರ ಮಾತು ಕೇಳಬಹುದು. ನಮ್ಮ ಮಾತು ಮಾತ್ರ ಅವರಿಗೆ ಕೇಳಿಸುವುದಿಲ್ಲ.

ಚಂಪಕಮ್ಮ ದಿನಾ ಬೆಳಿಗ್ಗೆ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು, ಗಂಡ ನಂಜುಂಡಸ್ವಾಮಿ ಎರಡನೇ ಪ್ಲಾಟ್‌ಫಾರ್ಮಿನಲ್ಲಿ ಎಂಟು ಹತ್ತರ ಲೋಕಲ್ ಹತ್ತುವುದನ್ನು ನೋಡಿಕೊಂಡು ಮನೆಗೆ ಮರಳುತ್ತಿದ್ದರು.

"ಇವತ್ತೊಂದಿನ ಬರಬಾರದಿತ್ತಮ್ಮಾ," ಎಂದ ಗೇಟಿನ ಅಂಥೋಣಿ. ಅವನಿಗೂ ತಾರೀಖು ಗೊತ್ತಿತ್ತು. ಮೂವತ್ತು ವರ್ಷದ ಹಿಂದೆ ಇದೇ ದಿನ ಕಾರ್ಖಾನೆಗೆ ಹೋದ ನಂಜುಂಡಸ್ವಾಮಿ ಹೆಣವಾಗಿ ಮನೆಗೆ ಬಂದಿದ್ದ.

"ಜಗಳ ಆಡ್ಕೊಂಡು ಹೋದ್ರು ಕಣಪ್ಪಾ. ಬರೀ 'ಹೋಗ್ತೀನಿ' ಅಂದ್ಬಿಟ್ರು. ಹೋಗಿ ಬರ್ತೀನಿ ಅನ್ನಲೇ ಇಲ್ಲ."

ಲೋಕಲ್ ಬಂತು. ಹಸಿರು ಸೀರೆಯುಟ್ಟ, ಇಪ್ಪತ್ತೆಂಟರ ಚಂಪಕ ಗಂಡ ಮರೆತು ಬಂದಿದ್ದ ಊಟದ ಡಬ್ಬಿಯನ್ನು ಅವನ ಕೈಗೆ ತುರುಕಿದಳು. "ಹೋಗ್ತೀನಿ," ಎಂದು ಅವನು ಹತ್ತಿಕೊಂಡ. ಅವಳು ಮುಖ ತಿರುಗಿಸಿ ಬಿರಬಿರನೆ ನಡೆದುಬಿಟ್ಟಳು.

ಚಂಪಕಮ್ಮನಿಗೆ ಗೊತ್ತಿದ್ದದ್ದು ಇಷ್ಟೇ. ಇವತ್ತು ಅವರು ರೈಲಿನ ಬಾಗಿಲ ಪಕ್ಕದಲ್ಲೇ ನಿಂತಿದ್ದರು. ರೈಲು ಸಿಳ್ಳೆ ಹಾಕುತ್ತ ಹೊರಟಾಗ ಅವನು ಬಾಗಿಲಿಂದ ಹೊರಕ್ಕೆ ಬಾಗಿ ಕೂಗಿದ: "ಚಂಪಾ, ಹೋಗಿ ಬರ್ತೀನಿ ಕಣೇ!"

ಹಸಿರು ಸೀರೆ ತಿರುಗಿ ನೋಡಲಿಲ್ಲ. ಚಂಪಕಮ್ಮ ರೈಲಿನ ಜೊತೆ ಓಡುತ್ತ, "ಹೂಂ ರೀ, ಹೋಗಿ ಬನ್ನಿ, ಹೋಗಿ ಬನ್ನಿ," ಎನ್ನುತ್ತಲೇ ಇದ್ದರು.

ಮರುದಿನ ಬೆಳಿಗ್ಗೆ ಅವರು ಮತ್ತೆ ಟಿಕೆಟ್ ಹಿಡಿದು ಗೇಟಿಗೆ ಬಂದರು.

"ಇನ್ಯಾರು ಬರ್ತಾರಮ್ಮಾ?" ಎಂದ ಅಂಥೋಣಿ, ಮೆಲ್ಲಗೆ.

"ಬರ್ತೀನಿ ಅಂದಿದಾರಲ್ಲಪ್ಪಾ."